ವೃತ್ತಧಾವನ ಮೇಷ್ಟ್ರು

ಮೇಷ್ಟ್ರ ಬಲಗೈ ತೋರುಬೆರಳು ಸದಾ ಮೇಲೆದ್ದೇ ಇರುತ್ತಿತ್ತು. ಕಾಫಿ ಲೋಟ ಹಿಡಿದಾಗಲೂ ಅದು ಲೋಟಕ್ಕೆ ತಗುಲದೆ ಸೂರು ತೋರಿಸುತ್ತಿತ್ತು. ನನ್ನ ಸ್ಕೂಟಿಯ ಹಿಂದೆ ಕೂತರೆ ಕನ್ನಡಿಯಲ್ಲಿ ನನಗೆ ಕಾಣುತ್ತಿದ್ದದ್ದು ಅವರ ಮುಖವಲ್ಲ, ಆ ಬೆರಳು. ಊರಿನವರ ತಪ್ಪನ್ನೆಲ್ಲ ತಿದ್ದಲೆಂದೇ ದೇವರು ಅದನ್ನು ಕೊಟ್ಟಿದ್ದಾನೆಂದು ಅವರು ನಂಬಿದ್ದರು. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು ಅವರೇ. ಇದನ್ನು ತಪ್ಪಿಲ್ಲದೆ ಬರೆಯುತ್ತಿದ್ದರೆ ಅದು ಅವರು ಬೈದು ಕಲಿಸಿದ್ದರಿಂದಲೇ. ಅಷ್ಟು ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಹೊಗಳುವುದಕ್ಕೆ ಏನೂ ಇಲ್ಲ.

ನಿವೃತ್ತರಾದ ಮೇಲೆ ಆ ಬೆರಳಿಗೊಂದು ಕೆಲಸ ಬೇಕಾಯಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕಿನ ಮಕ್ಕಳಾಟಗಳ ಹೆಸರು ಸೇರಿಸಿ ಪುಸ್ತಕ ಮಾಡುತ್ತೇನೆಂದು ಹೊರಟರು. ನಾನು ಆಗಷ್ಟೇ ಚನ್ನರಾಯಪಟ್ಟಣದಲ್ಲಿ ಟೀಚರ್ ಆಗಿದ್ದೆ. "ಭಾನುವಾರ ಗಾಡಿ ತಗೊಂಡು ಬಾಮ್ಮ. ನಾನು ಹೇಳಿದ್ದು ಬರ್ಕೋ. ಒಳಪುಟದಲ್ಲಿ ನಿನ್ನ ಹೆಸರೂ ಹಾಕಿಸ್ತೀನಿ" ಎಂದರು. ಅಚ್ಚಿನಲ್ಲಿ ನನ್ನ ಹೆಸರು! ಎರಡನೇ ಮಾತಿಲ್ಲದೆ ಹೋದೆ.

ಎಲ್ಲರೂ ಆಡಿರುವ ಆಟ ಒಂದಿದೆ. ಮಕ್ಕಳು ದುಂಡಗೆ ಕೂರುತ್ತಾರೆ. ಒಬ್ಬಳು ಬಟ್ಟೆ ಹಿಡಿದು ಸುತ್ತ ಓಡುತ್ತಾ ಯಾರದೋ ಬೆನ್ನ ಹಿಂದೆ ಸದ್ದಿಲ್ಲದೆ ಬಿಡುತ್ತಾಳೆ. ಗೊತ್ತಾದರೆ ಎದ್ದು ಅಟ್ಟಿಸಿಕೊಂಡು ಹೋಗಬೇಕು, ಗೊತ್ತಾಗದಿದ್ದರೆ ಬೆನ್ನಿಗೆ ಗುದ್ದು. ಇದಕ್ಕೆ ಮೇಷ್ಟ್ರು ಇಟ್ಟ ಶೀರ್ಷಿಕೆ 'ವೃತ್ತಧಾವನ ಕ್ರೀಡೆ'. ಅದರ ಕೆಳಗೆ ತಾಲ್ಲೂಕಿಗೊಂದು ಹೆಸರು, ಒಟ್ಟು ನಾಲ್ಕು. ಐದನೆಯದಕ್ಕೆ ಜಾಗವಿಲ್ಲ.

ಆ ನಾಲ್ಕನ್ನೂ ಅವರು ಒಂದು ಮಗುವಿನ ಬಾಯಿಂದಲೂ ಕೇಳಲಿಲ್ಲ. ಊರಿಗೆ ಹೋದರೆ ನೆಟ್ಟಗೆ ದೊಡ್ಡವರ ಮನೆ ಜಗಲಿ. ಹಾಸನ ತಾಲ್ಲೂಕಿನ ದುದ್ದದಲ್ಲಿ ಹಾಗೆ ಒಬ್ಬ ಯಜಮಾನರನ್ನು ಕೇಳಿದರು. ಅವರು ಆ ಆಟ ಆಡಿ ಐವತ್ತು ವರ್ಷವಾಗಿತ್ತೋ ಏನೋ, ಗೊತ್ತಿಲ್ಲ ಅಂದರೆ ಮರ್ಯಾದೆ ಹೋಗುತ್ತದಲ್ಲ, ತಲೆ ಕೆರೆದುಕೊಂಡು, "ಅದೇ ಸಾ, ಟೋಪಿ ಆಟ ಅನ್ಕಳಿ" ಎಂದರು. ಮೇಷ್ಟ್ರು ಬರೆಸಿದರು. ಅಂಗಳದಲ್ಲಿ ಅದೇ ಆಟ ಆಡುತ್ತಿದ್ದ ಹುಡುಗಿಯೊಬ್ಬಳು ನಿಂತು, "ಅಲ್ಲ ಸಾ, ಗುದ್ದಾಟ. ನಮ್ಮವ್ವ ಅಂಗೇ ಅನ್ನದು" ಎಂದಳು. ಪಕ್ಕದವಳು, "ನಮ್ಮವ್ವ ಚನ್ನರಾಯಪಟ್ಟಣದ ಕಡೆಯೋಳು ಸಾ, ಕರ್ಚೀಪಾಟ ಅಂತಾಳೆ" ಎಂದಳು. ಬೆರಳು ಅವರತ್ತ ತಿರುಗಿತು. "ದೊಡ್ಡೋರು ಮಾತಾಡ್ವಾಗ ಬಾಯಿ ಹಾಕಬಾರದು!"

ದಡ್ಡನಿಗೂ ಹೊಳೆಯುವ ಸಂಗತಿ ಅದು. ಆಟದ ಹೆಸರು ತಾಲ್ಲೂಕಿನ ಗಡಿ ನೋಡಿಕೊಂಡು ನಿಲ್ಲುವುದಿಲ್ಲ, ಮದುವೆಯಾಗಿ ಬಂದ ಹೆಣ್ಣಿನ ಜೊತೆ ಬರುತ್ತದೆ. ಒಂದೇ ಬೀದಿಯಲ್ಲಿ ಮೂರು ಹೆಸರಿರುತ್ತದೆ. ವಿದ್ವಾಂಸರಿಗೆ ಮಾತ್ರ ಹೊಳೆಯಲಿಲ್ಲ. ಕೇಳಬೇಕಾದವರು ಅವರ ಅಡುಗೆಮನೆಯಲ್ಲೇ ಇದ್ದರು.

ಮೇಷ್ಟ್ರ ಹೆಂಡತಿ ಅರಕಲಗೂಡು ಕಡೆಯವರು. ನಾನು ಅವರನ್ನು ಅಮ್ಮ ಅನ್ನುತ್ತಿದ್ದೆ. ನಾವು ಬರೆಯುವಾಗ ಬಾಗಿಲ ಚೌಕಟ್ಟು ಹಿಡಿದು ಕೇಳುತ್ತಾ ನಿಲ್ಲುವರು. ಒಂದು ದಿನ ಮೇಷ್ಟ್ರು ಸ್ನಾನಕ್ಕೆ ಹೋಗಿದ್ದಾಗ ಬಂದು ಪಕ್ಕದಲ್ಲಿ ಕೂತರು.

"ನಾವು ಅದುನ್ನ ಕೋಳಿಮೊಟ್ಟೆ ಆಟ ಅಂತಿದ್ದೋ ಕಣವ್ವ. ಓಡೋಳು ಕೋಳಿ, ಬಟ್ಟೆ ಮೊಟ್ಟೆ. ಯಾರ್ ಇಂದೆ ಇಕ್ತೋ ಗೊತ್ತಾಗ್ಬಾರ್ದು. ನಾನಿಕ್ಕುದ್ರೆ ಒಬ್ರಿಗೂ ಗೊತ್ತಾಯ್ತಿರ್ಲಿಲ್ಲ." ನಕ್ಕರು. ಆಮೇಲೆ ಸಣ್ಣ ದನಿಯಲ್ಲಿ, "ಅದೊಂದ್ ಸೇರುಸ್ಬುಡು. ನನ್ನ್ ಎಸ್ರೇನ್ ಬ್ಯಾಡ, ಆಟದ್ದು ಸಾಕು. ನಾನು ಆಡಿದ್ದೇ ಅದೊಂದು. ಅಷ್ಟ್ರೊಳಗೆ ಮದ್ವೆ ಮಾಡ್ಬುಟ್ರು" ಎಂದರು.

ಶುದ್ಧ ಪ್ರತಿಯಲ್ಲಿ ಅರಕಲಗೂಡಿನ ಸಾಲಿಗೆ ಅದನ್ನೂ ಸೇರಿಸಿದೆ. ಮೇಷ್ಟ್ರು ಓದುತ್ತಾ ಬಂದು ಅಲ್ಲಿ ನಿಂತರು.

"ಏನಿದು? ಕೋಳಿ, ಮೊಟ್ಟೆ! ನಮ್ಮಂಥವರ ಮನೆಯಿಂದ ಬರೋ ಪುಸ್ತಕದಲ್ಲಿ?"

"ಅಮ್ಮ ಹೇಳಿದ್ದು ಸಾರ್" ಎಂದೆ.

"ಅವಳಿಗೇನು ಗೊತ್ತು? ಜಾನಪದ ಅಂದರೆ ಅಡುಗೆಮನೆ ಮಾತಲ್ಲ."

ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದರು. ಅಮ್ಮ ಬಾಗಿಲಲ್ಲೇ ಇದ್ದರು. ನನ್ನ ಮುಖ ನೋಡಿದರು. ನಾನು ಪುಟ ತಿರುಗಿಸಿದೆ.

ಪುಸ್ತಕ ಬಂತು. ಹಾಸನದಲ್ಲಿ ಬಿಡುಗಡೆ, ಹಾರ, ಶಾಲು, ಪೇಟ. ಹೆಣ್ಣುಮಕ್ಕಳ ಬಾಯಲ್ಲಿದ್ದದ್ದನ್ನೆಲ್ಲ ಬಿಟ್ಟು, ಗಂಡಸರು ಊಹಿಸಿ ಹೇಳಿದ್ದನ್ನು ಕೂಡಿಸಿದ್ದಕ್ಕೆ ಗಂಡಸರೇ ಚಪ್ಪಾಳೆ ತಟ್ಟಿದರು. ಆ ಪುಸ್ತಕ ನೋಡಿ ಒಂದು ಮಗುವೂ ಆಟ ಆಡಿದ್ದು ನಾನು ಕಾಣೆ. ಒಳಪುಟದಲ್ಲಿ 'ಬರವಣಿಗೆಗೆ ನೆರವು' ಎಂದು ನನ್ನ ಹೆಸರಿತ್ತು. ಮೇಷ್ಟ್ರು ಕೊಟ್ಟ ಮಾತಿಗೆ ತಪ್ಪಲಿಲ್ಲ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಅವರನ್ನು ಜಾನಪದದ ಕಣಜ ಎಂದರು. ನಗು ಬಂತು, ಸೆರಗಿನಲ್ಲಿ ಮುಚ್ಚಿಕೊಂಡೆ. ನೋಡಿದವರು ಅಳುತ್ತಿದ್ದೇನೆಂದುಕೊಂಡಿರಬೇಕು. ಮಾರನೆಯ ವಾರ ಅಮ್ಮನನ್ನು ನೋಡಲು ಹೋದೆ. ಇಷ್ಟು ವರ್ಷ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಆಡಿಬಿಟ್ಟೆ. ಸತ್ತವರನ್ನು ಬೈಯಬಾರದು ಅಂತಾರೆ, ಆದರೂ ಬೈದೆ. ಅಮ್ಮ ಅಕ್ಕಿ ಆರಿಸುತ್ತಾ ಎಲ್ಲ ಕೇಳಿಸಿಕೊಂಡರು.

"ಅವ್ರು ಇದ್ದುದ್ದೇ ಅಂಗೆ ಕಣವ್ವ. ನಾನು ಎದ್ರುಕೊಂಡೇ ಬಾಳ್ದೆ" ಎಂದರು. ಮೊರ ಕೆಳಗಿಟ್ಟು ಕೇಳಿದರು. "ನೀನು ಓದ್ದೋಳು, ಸಂಬಳ ತರೋಳು. ಅವತ್ತು ನೀನ್ಯಾಕೆ ಸುಮ್ಕಾಗ್ಬುಟ್ಟೆ?"

"ನನಗೂ ಭಯ ಆಯ್ತಮ್ಮ" ಎಂದೆ.

ಸುಳ್ಳು. ಭಯವಾಗಿರಲಿಲ್ಲ. ಆ ಮನುಷ್ಯನಿಗೆ ನಾನು ಒಂದು ದಿನವೂ ಹೆದರಿದವಳಲ್ಲ. ಎದುರಾಡಿದರೆ ಒಳಪುಟದಿಂದ ನನ್ನ ಹೆಸರು ಹೋಗುತ್ತಿತ್ತು, ಅಷ್ಟೇ.

ಅಮ್ಮ ನಂಬಿದರು. "ಅಯ್ಯೋ, ನೀನೂ ಎದ್ರುಕೊಂಡಿದ್ದಾ ಮಗ" ಎಂದು ನನ್ನ ಬೆನ್ನು ಸವರಿದರು.