ವರಾಂಡಾದಲ್ಲಿ ಸೋರಿದ ಹಾಯಿಕಂಬ

ಮೊನ್ನೆಯ ಮಳೆಗೆ ಮೇಲೂರಿನ ನಮ್ಮ ಮನೆಯಲ್ಲಿ ಹಾಯಿದೋಣಿ ಸೋರಿತು.

ಗಾಬರಿಯಾಗಬೇಡಿ. ದೋಣಿ ಇಲ್ಲ, ಹಾಯಿ ಕಟ್ಟುವ ಕಂಬ ಮಾತ್ರ ಇದೆ. (ಸಮುದ್ರವೂ ಇಲ್ಲ. ನಮ್ಮ ಕಡೆ ಕೆರೆಗೆ ನೀರು ಬಂದರೇ ಊರೆಲ್ಲ ನೋಡಲು ಹೋಗುತ್ತೇವೆ.)

ಕಂಬ ನಮ್ಮ ಭಾವನದು. ನನ್ನ ಯಜಮಾನರ ಅಣ್ಣ, ನೌಕಾಪಡೆಯಲ್ಲಿದ್ದು ರಿಟೈರ್ ಆದವರು. ಬೇರೆಯವರು ರಿಟೈರ್ ಆದಾಗ ಶಾಲು, ಗಡಿಯಾರ ತರುತ್ತಾರೆ. ಇವರು ತಾವು ರೇಸಿಗೆ ಓಡಿಸುತ್ತಿದ್ದ ಹಾಯಿದೋಣಿ ಗುಜರಿಗೆ ಹೋಗುವಾಗ ಅದರ ಅಲ್ಯೂಮಿನಿಯಂ ಕಂಬ ಕೇಳಿ ತಂದರು. ಲಾರಿಯಲ್ಲಿ! ವರಾಂಡಾದ ನೆಲಕ್ಕೆ ಬುಡ ಊರಿ, ತಾರಸಿಗೆ ತೂತು ಕೊರೆದು, ತುದಿಯನ್ನು ಆಕಾಶಕ್ಕೆ ಬಿಟ್ಟರು. ಆಗಸ್ಟ್ ಹದಿನೈದರಂದು ಬೀದಿಯ ಮಕ್ಕಳನ್ನೆಲ್ಲ ಅದರ ಕೆಳಗೆ ಸಾಲಾಗಿ ನಿಲ್ಲಿಸಿ ಬಾವುಟ ಏರಿಸುತ್ತಾರೆ. ಅವತ್ತು ಭಾವನ ಬೆನ್ನೂ ಕಂಬದಷ್ಟೇ ನೆಟ್ಟಗಿರುತ್ತದೆ. ಉಳಿದ ದಿನ ಕಂಬ ಕಾಗೆಗಳದ್ದು.

ಈ ಸಲ ಬುಡದಲ್ಲಿ ನೀರು ನಿಂತಿತು. ಮೇಸ್ತ್ರಿ ಮುನಿಯಪ್ಪ ಬಂದ. "ಅಮ್ಮ, ತಾರಸಿ ತೂತಲ್ಲಿ ಇಳೀತೈತೆ. ಸಿಮೆಂಟ್ ಬಡಿದ್ರೆ ಸರಿಹೋಗ್ತೈತೆ" ಎಂದ. ಮೇಲೆ ಬಡಿದ. ಸೋರಿತು. ಕೆಳಗೆ ಬುಡದ ಸುತ್ತಲೂ ಬಡಿದ. ಇನ್ನೂ ಚೆನ್ನಾಗಿ ಸೋರಿತು.

ನೆಲ ಒರೆಸುವವಳಿಗೆ ಕಾಣುವುದು ಪೇಪರ್ ಓದುವವರಿಗೆ ಕಾಣುತ್ತದೆಯೇ? ಮಳೆ ನಿಂತು ಅರ್ಧ ಗಂಟೆಯಾದ ಮೇಲೆ ನೀರು ಬರುತ್ತಿತ್ತು. ಕಂಬದ ಹೊರಮೈ ಒಣಗಿರುತ್ತಿತ್ತು. ಅಂದರೆ ತುದಿಯಲ್ಲಿ ಹಗ್ಗಕ್ಕೆಂದು ಬಿಟ್ಟ ತೂತುಗಳಿಂದ ನೀರು ಕಂಬದ ಹೊಟ್ಟೆಗೇ ಇಳಿಯುತ್ತಿತ್ತು. ಮುನಿಯಪ್ಪ ಬುಡ ಮುಚ್ಚಿ ಅದನ್ನೊಂದು ಉದ್ದನೆಯ ಲೋಟ ಮಾಡಿದ್ದ!

ಜೊತೆಗೆ ಸಿಮೆಂಟಿನ ಬಿರುಕಿನಿಂದ ಬೆಳ್ಳಗೆ, ನುಣ್ಣಗೆ ಒಂದು ಪುಡಿ ಬರುತ್ತಿತ್ತು. ಅದನ್ನು ಮೊದಲು ಕಂಡವರು ನಮ್ಮ ಅತ್ತೆ.

"ವಿಭೂತಿ ಕಣೇ!"

ಮುಗಿಯಿತು. ಕಂಬಕ್ಕೆ ಅರಿಶಿನ, ಕುಂಕುಮ, ಕಾಕಡ ಹೂವು. ಎದುರು ಮನೆ ರತ್ನಮ್ಮ ಹಣೆಗೆ ಇಟ್ಟುಕೊಂಡು, ಸಾದಲಿಯಲ್ಲಿರುವ ಮಗಳಿಗೂ ಒಂದು ಪೊಟ್ಟಣ ಕಟ್ಟಿಕೊಂಡರು.

ಭಾವ ಬಗ್ಗಿ ನೋಡಿ ಮುಖ ಸಣ್ಣದು ಮಾಡಿಕೊಂಡರು. "ಅಮ್ಮ, ಇದು ವಿಭೂತಿಯಲ್ಲ, ತುಕ್ಕು. ಅಲ್ಯೂಮಿನಿಯಂ ತುಕ್ಕು ಬೆಳ್ಳಗೇ ಇರೋದು. ಕಂಬ ಒಳಗಿಂದ ತಿಂದುಹೋಗ್ತಿದೆ. ಎತ್ತಿ ನೋಡ್ಬೇಕು."

"ಮುಟ್ಟಿದ್ಯೋ ನೋಡು! ದೇವ್ರು ಬಂದಿರೋ ಕಂಬ."

"ಅಷ್ಟು ವರ್ಷ ಸಮುದ್ರದಲ್ಲಿ ಬರದ ದೇವ್ರು ಮೇಲೂರಿಗೆ ಯಾಕಮ್ಮ ಬಂದ?"

"ಅಲ್ಲಿ ನೀನಿದ್ದೆ. ಇಲ್ಲಿ ನಾನಿದೀನಿ ಕಣೋ!"

ಇಬ್ಬರೂ ನನ್ನ ಕಡೆ ನೋಡಿದರು. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋದೆ.

ಯಾಕೆ ಅಂತೀರಾ? ಆ ಕಂಬದ ಬುಡದಲ್ಲಿ ಐದು ತಾಮ್ರದ ಕಾಸಿದ್ದವು. ಕಂಬ ನಿಲ್ಲಿಸಿದ ದಿನ ಅತ್ತೆ ನನ್ನ ಕೈಗೆ ತುರುಕಿ, "ಯಾವ ಕಂಬ ನಿಲ್ಸಿದ್ರೂ ಬುಡಕ್ಕೆ ಕಾಸು ಬೀಳ್ಬೇಕು. ಅವನಿಗೆ ಹೇಳ್ಬೇಡ, ಬೈತಾನೆ" ಎಂದಿದ್ದರು. ಕಂಬ ನೆಟ್ಟಗಿದೆಯೇ ಎಂದು ಭಾವ ಕತ್ತೆತ್ತಿ ತೂಕದ ಗುಂಡಿನ ದಾರ ನೋಡುತ್ತಿದ್ದಾಗ ನಾನು ಕೆಳಗೆ ಜಾರಿಸಿದ್ದೆ. ಎರಡು ಬೇರೆ ಲೋಹ ಒದ್ದೆಯಲ್ಲಿ ತಾಗಿಕೊಂಡಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಪಾಠ ಮಾಡಿದ್ದರು. ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಪೂರ್ತಿ ಮಾರ್ಕ್ಸ್ ತೆಗೆದವಳು ನಾನೇ!

ಕಂಬ ಎತ್ತಿದರೆ ಕಾಸು ಸಿಗುತ್ತದೆ. ಕಾಸು ಸಿಕ್ಕರೆ ಕಳ್ಳಿ ಸಿಗುತ್ತಾಳೆ. ಹಾಗಾಗಿ ಮೂರು ದಿನ ಅದು ವಿಭೂತಿಯಾಗಿಯೇ ಇರಲಿ ಎಂದು ಸುಮ್ಮನಿದ್ದೆ. (ಒಂದು ದಿನ ನಾನೂ ಹಣೆಗಿಟ್ಟುಕೊಂಡೆ. ನಾಟಕ ಅಂದಮೇಲೆ ಪೂರ್ತಿ ಮಾಡಬೇಕಲ್ಲ.)

ನಾಲ್ಕನೆಯ ದಿನ ಒರೆಸುವಾಗ ಬುಡವನ್ನು ಹೆಬ್ಬೆರಳಿನಿಂದ ಒತ್ತಿದೆ. ಹಪ್ಪಳದ ಹಾಗೆ ಮುರಿದು ಬೆರಳು ಒಳಗೆ ಹೋಯಿತು. ಆಗಸ್ಟ್ ಹದಿನೈದಕ್ಕೆ ಇನ್ನು ಐದೇ ದಿನ. ಹಗ್ಗ ಎಳೆಯುವವರು ಭಾವ, ಕೆಳಗೆ ನಿಲ್ಲುವವರು ಬೀದಿಯ ಮಕ್ಕಳು. ಒರೆಸುವ ಬಟ್ಟೆ ಅಲ್ಲೇ ಬಿಟ್ಟು ಎದ್ದೆ.

"ಭಾವ, ಬುಡದಲ್ಲಿ ತಾಮ್ರದ ಕಾಸಿದೆ. ಇಟ್ಟವಳು ನಾನು."

ಅತ್ತೆ ತಾರಸಿಯನ್ನೇ ನೋಡುತ್ತಾ ಕುಳಿತರು.

ಭಾವ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಕಂಬ ಮಲಗಿಸಿದಾಗ ಬುಡ ಜರಡಿಯಾಗಿತ್ತು, ಕಾಸುಗಳು ಹಸಿರುಗಟ್ಟಿದ್ದವು. ತೂತುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಆಮೇಲೆ ಗರಗಸ ತಂದು ಒಂದು ಗೇಣು ಕತ್ತರಿಸಿದರು. ಉಳಿದದ್ದು ಗಟ್ಟಿಯಾಗಿತ್ತು, ನನಗೆ ಉಸಿರು ಬಂತು. ತುದಿಗೆ ಟೋಪಿ, ಬುಡದಲ್ಲಿ ನೀರು ಹೋಗಲು ತೂತು, ಕೆಳಗೆ ಹಳೇ ಟೈರಿನ ತುಂಡು.

ಇನ್ನೇನು ಎತ್ತಬೇಕು, ಅತ್ತೆಯ ಮುಷ್ಟಿಯಲ್ಲಿ ಮತ್ತೆ ತಾಮ್ರದ ಕಾಸು!

"ಬರೀ ಬುಡದಲ್ಲಿ ಕಂಬ ನಿಲ್ಲಬಾರ್ದು ಕಣೋ. ನಾಳೆ ನಿನಗೇನಾದ್ರೂ ಆದ್ರೆ?"

ನಾನು ಕಣ್ಣು ಮುಚ್ಚಿಕೊಂಡೆ. ಭಾವ ಅಮ್ಮನ ಮುಖ ನೋಡಿ ಒಳಗೆ ಹೋದರು. ಟ್ರಂಕು ತಡಕಾಡುವ ಸದ್ದು ಕೇಳಿಸಿತು. ಅಂಚು ಅಲೆಅಲೆಯಾಗಿರುವ ಹಳೆಯ ಹತ್ತು ಪೈಸೆ ಹಿಡಿದು ಬಂದರು.

"ಇದೂ ಅಲ್ಯೂಮಿನಿಯಮ್ಮೇ. ಕಂಬಕ್ಕೂ ಇದಕ್ಕೂ ಜಗಳ ಬರಲ್ಲ. ಇದನ್ನಿಡಮ್ಮ."

ಅತ್ತೆ ತಿರುಗಿಸಿ ಮುರುಗಿಸಿ ನೋಡಿದರು. "ಕಾಸು ಅಂದ್ರೆ ಕಾಸೇ ಬಿಡು" ಎಂದು ತಾವೇ ಬಗ್ಗಿ ಇಟ್ಟರು.

ಹತ್ತು ಪೈಸೆಗೆ ಆಗುವ ರಾಜಿಗೆ ನಾವೆಲ್ಲ ಬುಡ ಜರಡಿಯಾಗುವವರೆಗೂ ಯಾಕೆ ಕಾಯುತ್ತೇವೆ, ಹೇಳಿ?