ತಗಡಿನ ಮೇಲಿನ ಅಕ್ಷರ

ಮೂರು ವರ್ಷದ ಹಿಂದೆ ನಾನು ತಿಪಟೂರಿನಲ್ಲಿ ಬೋರ್ಡು ಬರೆಯುವ ಕೆಲಸ ನಿಲ್ಲಿಸುವುದರಲ್ಲಿದ್ದೆ. ಫ್ಲೆಕ್ಸ್ ಬಂದ ಮೇಲೆ ಕುಂಚ ಕೇಳುವವರೇ ಇರಲಿಲ್ಲ. ಆಗ ಮೈಸೂರಿನಿಂದ ಒಬ್ಬ ಮೇಷ್ಟ್ರು ಬಂದರು. ಚೀನಾದವರು ಕುಂಚದಲ್ಲಿ ಬರೆದ ಅಕ್ಷರಗಳ ಫೋಟೋ ಕಂಪ್ಯೂಟರಿಗೆ ಹಾಕಿ, ಕುಂಚ ಎಲ್ಲಿ ಒತ್ತಿತು, ಎಲ್ಲಿ ಎದ್ದಿತು, ಯಾವ ಕಡೆ ವಾಲಿತು ಎಂದು ಅಳೆಯುವುದು ಅವರ ಕೆಲಸ. ಕನ್ನಡದ ಕುಂಚವನ್ನೂ ಹಾಗೇ ನೋಡಬೇಕೆಂದು, ಮೂಲೆಯಲ್ಲಿ ‘ಚಂದ್ರು’ ಎಂದು ನನ್ನ ಸಹಿಯಿದ್ದ ಹಳೇ ತಗಡಿನ ಬೋರ್ಡು, ಗೋಡೆಬರಹಗಳನ್ನು ಹುಡುಕಿದ್ದರು. ಕೊಬ್ಬರಿ ಮಂಡಿಗಳಿಂದ ಮಾಯಸಂದ್ರದ ಸೈಕಲ್ ಶಾಪಿನವರೆಗೆ ಅರವತ್ತೆರಡು ಫೋಟೋ.

ತಿಂಗಳಾದ ಮೇಲೆ ಲ್ಯಾಪ್‌ಟಾಪ್ ಹಿಡಿದು ಮನೆಗೇ ಬಂದರು. ಅಕ್ಷರಗಳ ಮೈತುಂಬ ಕೆಂಪು, ನೀಲಿ ಗೆರೆ.

“ಚಂದ್ರಣ್ಣ, ಗೋಡೆಯವೆಲ್ಲ ಒಂದು ಗುಂಪಿಗೆ ಬಂದಿವೆ, ತಗಡಿನವೆಲ್ಲ ಇನ್ನೊಂದಕ್ಕೆ. ತಗಡಿನಲ್ಲಿ ತಲೆಕಟ್ಟು ಮುಗಿಯೋ ಕಡೆ ಕುಂಚ ಮೆಲ್ಲಗೆ ಎದ್ದಿದೆ, ಗೋಡೆಯಲ್ಲಿ ಗಕ್ಕನೆ. ಇಬ್ಬರು ಬರೆದಿದ್ದೀರಾ?”

ಇಬ್ಬರೇ. ತಗಡಿನವೆಲ್ಲ ನಮ್ಮ ಜೊತೆಯಲ್ಲೇ ಇರುವ ನನ್ನ ಅಕ್ಕ ಗೌರಕ್ಕನವು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಕುಂಚ ಹಿಡಿಸಿದವಳೇ ಅವಳು. ಹೆಣ್ಣುಮಗಳು ಪೇಟೆಯಲ್ಲಿ ಏಣಿ ಹತ್ತಬಾರದು ಎಂದು ಅಪ್ಪ ಹೇಳಿದ್ದರಿಂದ ಗೋಡೆ ನನಗೆ, ತಗಡು ಅವಳಿಗೆ. ಹಿತ್ತಲಲ್ಲಿ ಅವಳು ಬರೆದದ್ದಕ್ಕೆ ನಾನು ಸಹಿ ಹಾಕಿ, ಸೈಕಲ್ಲಿಗೆ ಕಟ್ಟಿ ಅಂಗಡಿಗೆ ಮುಟ್ಟಿಸುತ್ತಿದ್ದೆ. ಮೂವತ್ತು ವರ್ಷ.

ಅಕ್ಕ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನನ್ನ ಕೆಲಸ ಹೋಗಿತ್ತು, ಹೆಸರೊಂದೇ ಉಳಿದಿತ್ತು.

“ಇಲ್ಲ ಸಾರ್, ನಾನೊಬ್ಬನೇ. ತಗಡು ನುಣುಪು, ಗೋಡೆ ತರಿತರಿ. ಕುಂಚ ಓಡೋದೇ ಬೇರೆ,” ಅಂದೆ. ಮೇಷ್ಟ್ರು ನಂಬಿ ಬರೆದುಕೊಂಡರು.

ಅವರು ಹೋದ ಮೇಲೆ ಅಕ್ಕ, “ಸುಳ್ಳನ್ನೂ ಎಷ್ಟು ನೀಟಾಗಿ ಬರೀತೀಯ ಕಣ್ಲಾ,” ಎಂದು ನಕ್ಕಳು. ಅಷ್ಟೇ. ಎರಡು ವರ್ಷ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೋದ ವರ್ಷ ಮೇಷ್ಟ್ರ ಪುಸ್ತಕ ಅಂಚೆಯಲ್ಲಿ ಬಂತು. ರಟ್ಟಿನ ಮೇಲೆ ಅಕ್ಕ ಬರೆದ ‘ಶ್ರೀ’, ಕೆಳಗೆ ನನ್ನ ಹೆಸರು. ತಡೆಯಲಾರದೆ ಫೋನ್ ಮಾಡಿ ನಿಜ ಹೇಳಿದೆ. ಅವರು ಬೈಯಲಿಲ್ಲ. “ಅವರ ಕೈಲಿ ಒಂದು ತಗಡು ಬರೆಸಿ ಕಳಿಸಿ. ಹೋಲಿಸಿ ನೋಡಿ ತಿದ್ದುತ್ತೇನೆ,” ಅಂದರು.

ಅಷ್ಟರಲ್ಲಿ ಅಕ್ಕನ ಕೈಗೆ ನಡುಕ ಬಂದಿತ್ತು. “ಈಗ್ಯಾಕೋ, ಬುಡು,” ಎನ್ನುತ್ತಲೇ, ಎಡಗೈಲಿ ಬಲಗೈ ಹಿಡಿದುಕೊಂಡು ಒಂದು ‘ಶ್ರೀ’ ಬರೆದಳು.

ವಾರದ ಮೇಲೆ ಮೇಷ್ಟ್ರ ಫೋನು: “ಕೂಡ್ತಾ ಇಲ್ಲ ಚಂದ್ರಣ್ಣ. ಇದು ಎರಡು ಗುಂಪಿಗೂ ಸೇರ್ತಿಲ್ಲ. ಇದನ್ನಿಟ್ಟುಕೊಂಡು ಪುಸ್ತಕ ತಿದ್ದೋಕಾಗಲ್ಲ.”

ಅಕ್ಕ ನನಗೆ ಮೊದಲ ದಿನ ಕಲಿಸಿದ್ದು ಸೀಮೆಎಣ್ಣೆ ಬಟ್ಟೆ ಹೆಗಲ ಮೇಲಿಟ್ಟುಕೊಳ್ಳುವುದನ್ನು. ತಪ್ಪಿದ್ದನ್ನು ಬಣ್ಣ ಹಸಿಯಿರುವಾಗಲೇ ಒರೆಸಬೇಕು. ಕೈ ಕಲಿತದ್ದನ್ನು ಬಾಯಿ ಕಲಿಯಲಿಲ್ಲ. ಈಗ ನನ್ನ ಕೈಲಾಗುವುದು ಇಷ್ಟು ಹೇಳುವುದೇ: ಶೆಟ್ಟಿಕೆರೆ ಕಡೆಯೋ ಮಾಯಸಂದ್ರದ ಕಡೆಯೋ ಹಳೇ ತಗಡಿನ ಬೋರ್ಡಿನ ಮೂಲೆಯಲ್ಲಿ ‘ಚಂದ್ರು’ ಎಂದು ನಿಮಗೆ ಕಂಡರೆ, ಸಹಿ ಮಾತ್ರ ನನ್ನದು.