ನಕುಲ್ ಬೇರಾ ಕಾಪಾಡಿದ ಹಳದಿ

ಕಲ್ಕತ್ತೆಯ ಕಾಲೇಜೊಂದರ ಭೌತಶಾಸ್ತ್ರ ವಿಭಾಗದಲ್ಲಿ ನಕುಲ್ ಬೇರಾ ಹತ್ತೊಂಬತ್ತು ವರ್ಷದಿಂದ ತಾತ್ಕಾಲಿಕ ಸಹಾಯಕ. ಹತ್ತೊಂಬತ್ತು ವರ್ಷ ಒಬ್ಬ ಮನುಷ್ಯ ತಾತ್ಕಾಲಿಕವಾಗಿರುವುದು ಹೇಗೆಂದು ಅಲ್ಲಿ ಯಾರೂ ಕೇಳಿಲ್ಲ. ಪ್ರತಿ ಜುಲೈಯಲ್ಲಿ ವಿಭಾಗದ ಮುಖ್ಯಸ್ಥ ಲಾಹಿರಿ ಸರ್ ಸಹಿ ಹಾಕಿದರೆ ಇನ್ನೊಂದು ವರ್ಷ ಕೆಲಸ, ಇಲ್ಲವೆಂದರೆ ಇಲ್ಲ.

ಗಾಳಿ ತೆಗೆದ ಪಾತ್ರೆಯೊಳಗೆ ಬೆಳ್ಳಿತಂತಿ ಕಾಯಿಸಿ, ಆವಿಯನ್ನು ಗಾಜಿನ ಮೇಲೆ ತೆಳು ಪೊರೆಯಾಗಿ ಕೂರಿಸುವುದು ಅವನ ಕೆಲಸ. ಆ ಪೊರೆ ಹಾಳೆಯಂತೆ ಹರಡಿಕೊಂಡಿರುವುದಿಲ್ಲ, ಕಣ್ಣಿಗೆ ಕಾಣದ ಬಿಡಿಬಿಡಿ ಕಣಗಳಾಗಿ ಕೂತಿರುತ್ತದೆ. ಅದಕ್ಕೇ ಬೆಳಕಿಗೆ ಹಿಡಿದರೆ ಜೇನಿನ ಹಳದಿ. ಕಣಗಳು ದಪ್ಪವಾಗಿ ಒತ್ತಾದರೆ ಕೆಂಪು, ನೀಲಿ, ಕೊನೆಗೆ ಕನ್ನಡಿ. ಪೊರೆಯ ದಪ್ಪ ಅಳೆಯುವ ಮೀಟರು ಕೆಟ್ಟ ದಿನ ನಕುಲ್ ಬಣ್ಣ ನೋಡಿಯೇ ಸ್ವಿಚ್ಚು ಆರಿಸುತ್ತಾನೆ.

ಅಲ್ಲಿ ಸಂಶೋಧನೆ ಮಾಡುವ ಶರ್ಬರಿ ಮಾಯಿತಿಯ ಹಳದಿ ಗಾಜುಗಳು ವಾರದೊಳಗೆ ಕೆಂಪಗಾಗತೊಡಗಿದವು. ಕಣಗಳು ತಾವಾಗಿಯೇ ಹತ್ತಿರ ಸರಿಯುತ್ತಿವೆಯೆಂದು ಸರ್ ಹಿಗ್ಗಿದರು. ಪ್ರಬಂಧ ಸಿದ್ಧವಾಗಿ ಪತ್ರಿಕೆಗೂ ಹೋಯಿತು. ಆಗ ಜೂನ್ ತಿಂಗಳು.

"ದಿದಿ, ಕಣ ಎಲ್ಲೂ ಸರೀತಿಲ್ಲ," ಎಂದ ನಕುಲ್. "ಸೀಬೆಹಣ್ಣಿಗೆ ಹಚ್ಕೊಂಡು ತಿನ್ತೀರಲ್ಲ ಕಪ್ಪು ಉಪ್ಪು, ಅದರ ಗಂಧಕದ ನಾತ ಬೆಳ್ಳಿಗೆ ತಾಗ್ತಿದೆ. ಉಪ್ಪಿನ ಡಬ್ಬಿ, ಗಾಜು ಎರಡೂ ಒಂದೇ ಡ್ರಾಯರಲ್ಲಿ ಇಟ್ಟಿದ್ದೀರಿ."

"ನನ್ನ ಮೂರು ವರ್ಷ ಸೀಬೆಹಣ್ಣಿನ ಪಾಲಾಯ್ತು ಅಂತೀರಾ, ನಕುಲ್ ದಾ?"

ಬಾಗಿಲಲ್ಲಿ ನಿಂತಿದ್ದ ಲಾಹಿರಿ ಸರ್ ಎಲ್ಲ ಕೇಳಿಸಿಕೊಂಡಿದ್ದರು. "ಏನಪ್ಪಾ, ಇನ್ಮೇಲೆ ಕ್ಲಾಸೂ ನೀನೇ ತಗೋತೀಯೋ? ಮುಂದಿನ ತಿಂಗಳು ಜುಲೈ, ನೆನಪಿದೆ ತಾನೆ?"

"ಇದೆ ಸರ್. ಎಂಟು ದಿನ ಕೊಡಿ, ಅಷ್ಟರಲ್ಲಿ ಗೊತ್ತಾಗುತ್ತೆ."

ಒಂದೇ ಸಲಕ್ಕೆ ಎರಡು ಗಾಜು ಮಾಡಿದ. ಒಂದು ಉಪ್ಪಿನ ಡಬ್ಬಿಯಿದ್ದ ಅದೇ ಡ್ರಾಯರಿಗೆ, ಇನ್ನೊಂದು ಬಿಗಿ ಮುಚ್ಚಿದ ಸೀಸೆಗೆ. ಎಂಟನೆಯ ದಿನ ಡ್ರಾಯರಿನದು ಕೆಂಪಗಿತ್ತು, ಸೀಸೆಯದು ಹಳದಿಯಾಗಿಯೇ ಇತ್ತು. ಶರ್ಬರಿ ಯಾರನ್ನೂ ಕೇಳದೆ ಪ್ರಬಂಧ ಹಿಂದಕ್ಕೆ ತೆಗೆದುಕೊಂಡಳು.

ಜುಲೈಯಲ್ಲಿ ಸರ್ ಸಹಿ ಹಾಕಿದರು, ಮೂರು ತಿಂಗಳಿಗೆ. ಸುಳ್ಳನ್ನು ಅಚ್ಚಾಗದಂತೆ ತಡೆದವನಿಗೆ ಒಂಬತ್ತು ತಿಂಗಳ ಕಡಿತ. ಇದನ್ನು ಶಿಕ್ಷೆಯೆಂದು ಯಾವ ಕಡತವೂ ಹೇಳುವುದಿಲ್ಲ; ಕಡತಗಳಿಗೆ ಅಷ್ಟು ನಾಚಿಕೆಯಾದರೂ ಇದೆ.

"ನಾನು ಪ್ರಿನ್ಸಿಪಾಲ್ ಹತ್ರ ಹೋಗ್ತೀನಿ," ಎಂದಳು ಶರ್ಬರಿ.

"ಹೋಗಿ, ಬೇಡ ಅನ್ನಲ್ಲ. ಮೊದಲು ಆ ಗಾಜುಗಳನ್ನ ತೊಳೀರಿ ದಿದಿ. ಮೂರೇ ತಿಂಗಳು ಇರೋದು, ನಿಮ್ಮ ಅಷ್ಟೂ ಪೊರೆ ಮತ್ತೆ ಮಾಡಿ ಮುಗಿಸ್ಬೇಕು."